ಒಂದೇ 5.15, ಎರಡು ಸಲಹೆ: ಕರ್ನಲ್ ಬದಲಿಸಬೇಕಾ, ಬದಲಿಸಿದರೆ ಯಾವುದಕ್ಕೆ?

2023ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದಲ್ಲಿ ಎರಡು ಫೋನ್ ಬಂದವು.

ಮೊದಲನೆಯದು ಅಕ್ಕನ ಮಗನದು. "ಮಾಮಾ, ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು 22.04 ಹಾಕಿದೆ. ವೈಫೈ ಐಕಾನೇ ಕಾಣಿಸ್ತಿಲ್ಲ." ಕಾಲೇಜಿನ ಸೀನಿಯರ್ ಕೊಟ್ಟ ಹಳೇ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿದ್ದ. ಎರಡನೆಯದು ದಾವಣಗೆರೆಯ ಗೆಳೆಯನದು. ಅವನ ಅಂಗಡಿಯ ಮೂಲೆಯಲ್ಲಿ ಒಂದು ಸಣ್ಣ ಸರ್ವರ್ ಇದೆ. ಬಿಲ್, ಸ್ಟಾಕ್ ಲೆಕ್ಕ ಎಲ್ಲ ಅದರಲ್ಲೇ. "ಕರ್ನಲ್ ಹಳೇದಾಗೈತಂತೆ, ಆರು ಪಾಯಿಂಟ್ ಏನೋ ಬಂದೈತಂತೆ. ಹಾಕಿಬಿಡ್ಲೇನು?"

ಹುಡುಗನಿಗೆ "ಇವತ್ತೇ ಬದಲಿಸು" ಅಂದೆ. ಗೆಳೆಯನಿಗೆ "ಅದನ್ನು ಮುಟ್ಟಬೇಡ" ಅಂದೆ. ಇಬ್ಬರ ಹತ್ತಿರ ಇದ್ದದ್ದೂ ಉಬುಂಟು 22.04, ಅದರ ಜತೆ ಬಂದ 5.15 ಕರ್ನಲ್. ಕರ್ನಲ್ ಅಂದರೆ ಹಾರ್ಡ್‌ವೇರ್‌ಗೂ ಉಳಿದ ಸಾಫ್ಟ್‌ವೇರ್‌ಗೂ ನಡುವೆ ಕೂತು ಕೆಲಸ ಮಾಡಿಸುವ ಲಿನಕ್ಸ್‌ನ ತಿರುಳು. ಉಬುಂಟು, ಡೆಬಿಯನ್ ಎಲ್ಲ ಅದರ ಸುತ್ತ ಕಟ್ಟಿದ ಡಿಸ್ಟ್ರೋಗಳು, ಅಂದರೆ ಪೂರ್ತಿ ಆಪರೇಟಿಂಗ್ ಸಿಸ್ಟಂಗಳು. ಸಲಹೆ ಮಾತ್ರ ತದ್ವಿರುದ್ಧ. ಯಾಕೆ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಾಗಿ ಉಬುಂಟು, ಡೆಬಿಯನ್ ಕಡೆಯಿಂದಲೇ ಮಾತಾಡುತ್ತೇನೆ. ನನ್ನ ಕೈ ಸುಟ್ಟುಕೊಂಡದ್ದು ಅಲ್ಲೇ.

ಮೊದಲು ನಂಬರ್ ಓದೋಣ

ಟರ್ಮಿನಲ್ ತೆರೆದು ‘ಯುನೇಮ್ -ಆರ್’ ಅಂತ ಕೊಡಿ. ಕನ್ನಡದಲ್ಲಿ ಹೀಗೆ ಬರೆದಿದ್ದೇನೆ ಅಷ್ಟೇ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳು. ಉಬುಂಟುವಿನಲ್ಲಿ ‘5.15.0-91-ಜೆನೆರಿಕ್’ ಅನ್ನುವ ಥರ ಏನೋ ಬರುತ್ತದೆ. ಇದರಲ್ಲಿ 5.15 ಅನ್ನುವುದು ಸರಣಿ. ನಡುವಿನ ಸೊನ್ನೆಯನ್ನು ಉಬುಂಟು ಯಾವತ್ತೂ ಬದಲಿಸುವುದಿಲ್ಲ. ಪ್ಯಾಚ್ (ದೋಷ ಸರಿಪಡಿಸುವ ಸಣ್ಣ ತಿದ್ದುಪಡಿ) ಬಂದ ಹಾಗೆ ಮುಂದೆ ಹೋಗುವುದು 91.

ಹಾಗಾಗಿ ‘ಕರ್ನಲ್ ಅಪ್‌ಡೇಟ್’ ಅನ್ನುವ ಒಂದೇ ಮಾತಿನೊಳಗೆ ಎರಡು ಬೇರೆ ಕೆಲಸಗಳಿವೆ. 91 ಹೋಗಿ 92 ಆಗುವುದು ಒಂದು. 5.15 ಹೋಗಿ 6.2 ಆಗುವುದು ಇನ್ನೊಂದು. ಮೊದಲನೆಯದು ಮನೆಗೆ ಬೀಗ ಸರಿ ಮಾಡಿಸಿದ ಹಾಗೆ. ಅದರ ಬಗ್ಗೆ ಚರ್ಚೆಯೇ ಬೇಡ, ಬಂದಾಗ ಹಾಕಿಕೊಂಡು ರೀಬೂಟ್ ಮಾಡಿ. ಎರಡನೆಯದು ಮನೆ ಬದಲಿಸಿದ ಹಾಗೆ. ಆಯ್ಕೆ, ಹೋಲಿಕೆ, ತಲೆನೋವು ಎಲ್ಲ ಇರುವುದು ಈ ಎರಡನೆಯದರಲ್ಲಿ.

ನಂಬರ್ ದೊಡ್ಡದಾದಷ್ಟೂ ಕರ್ನಲ್ ದೊಡ್ಡ ಬದಲಾವಣೆ ಕಂಡಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. 2019ರ ಮಾರ್ಚ್‌ನಲ್ಲಿ 4.20 ಆದ ಮೇಲೆ 5.0 ಬಂತು. ಲಿನಕ್ಸ್ ಕರ್ನಲ್ ಶುರು ಮಾಡಿದ ಲೀನಸ್ ಟೊರ್ವಾಲ್ಡ್ಸ್ ಅದಕ್ಕೆ ಕೊಟ್ಟ ಕಾರಣ, ಎಣಿಸಲು ಕೈಕಾಲಿನ ಬೆರಳು ಮುಗಿದವು ಅಂತ. 2022ರ ಅಕ್ಟೋಬರ್‌ನಲ್ಲಿ 5.19 ಆದ ಮೇಲೆ 6.0 ಬಂದದ್ದೂ ಹೀಗೇ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸದು ಬರುತ್ತದೆ, ನಂಬರ್ ಏರುತ್ತದೆ, ಅಷ್ಟೇ.

ನಂಬರ್‌ಗಿಂತ ಮುಖ್ಯವಾದ ಪ್ರಶ್ನೆ: ಈ ಕರ್ನಲ್‌ಗೆ ಪ್ಯಾಚ್ ಹಾಕುವ ಜವಾಬ್ದಾರಿ ಯಾರದು? ಮೂಲ ಕರ್ನಲ್ ತಂಡ ಕೆಲವನ್ನು ಮಾತ್ರ ದೀರ್ಘಾವಧಿಗೆ ಇಟ್ಟುಕೊಳ್ಳುತ್ತದೆ. 5.10, 5.15, 6.1, 6.6, 6.12 ಅಂಥವು. ಉಬುಂಟು 24.04 ಜತೆ ಬಂದ 6.8 ಆ ಪಟ್ಟಿಯಲ್ಲೇ ಇಲ್ಲ. ಮೂಲದವರು ಅದನ್ನು 2024ರ ಮೇ ತಿಂಗಳಲ್ಲೇ ನಿಲ್ಲಿಸಿಬಿಟ್ಟರು. ಹಾಗಂತ 24.04 ಬಳಸುವವರು ಅನಾಥರಾಗಲಿಲ್ಲ. ಆ 6.8ಕ್ಕೆ ಉಬುಂಟುವಿನವರೇ ಪ್ಯಾಚ್ ಹಾಕುತ್ತಾರೆ. ಇದೇ 6.8 ಅನ್ನು ನೀವು ಮೂಲದಿಂದ ತಂದು ಕಂಪೈಲ್ ಮಾಡಿ (ಸೋರ್ಸ್ ಕೋಡ್‌ನಿಂದ ನೀವೇ ಕಟ್ಟಿ) ಕೂತಿದ್ದರೆ ಮಾತ್ರ ನಿಜವಾಗಿ ಅನಾಥರು.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಇನ್ನೂ ಮಜಾ. ಅದರ 8ನೇ ಆವೃತ್ತಿಯಲ್ಲಿ 4.18, 9ರಲ್ಲಿ 5.14. ಹೊರಗಿನಿಂದ ನೋಡಿದರೆ ಪುರಾತನ. ಒಳಗೆ ನೋಡಿದರೆ ಹೊಸ ಕರ್ನಲ್‌ಗಳಿಂದ ಆರಿಸಿ ತಂದ ಡ್ರೈವರ್‌ಗಳು, ಪ್ಯಾಚ್‌ಗಳು ತುಂಬಿರುತ್ತವೆ. ಬರೀ ನಂಬರ್ ನೋಡಿ ‘ಇದರಲ್ಲಿ ಇಷ್ಟು ಭದ್ರತಾ ತೂತುಗಳಿವೆ’ ಅಂತ ವರದಿ ಕೊಡುವ ಸ್ಕ್ಯಾನರ್‌ಗಳು ಇಲ್ಲಿ ಎಡವುತ್ತವೆ. ಆಫೀಸಿನಲ್ಲಿ ಆಡಿಟ್‌ನವರ ಜತೆ ಈ ಜಗಳ ಆಡಿದವರಿಗೆ ಗೊತ್ತಿರುತ್ತದೆ.

ಬದಲಿಸಲು ಕಾರಣ ಇದೆಯಾ?

ನನ್ನ ಪ್ರಕಾರ ಒಪ್ಪಬಹುದಾದ ಕಾರಣಗಳು ನಾಲ್ಕೇ. ಹಾರ್ಡ್‌ವೇರ್ ಕೆಲಸ ಮಾಡುತ್ತಿಲ್ಲ. ನಿಮ್ಮನ್ನೇ ಕಾಡುತ್ತಿರುವ ಒಂದು ಬಗ್ ಹೊಸ ಸರಣಿಯಲ್ಲಿ ಸರಿಯಾಗಿದೆ. ನಿಮಗೆ ಬೇಕಾದ ಒಂದು ಸೌಲಭ್ಯ ಅದರಲ್ಲಿದೆ. ಅಥವಾ ಈಗಿರುವ ಸರಣಿಗೆ ಪ್ಯಾಚ್ ಬರುವುದು ನಿಲ್ಲುತ್ತಿದೆ.

ಅಕ್ಕನ ಮಗನದು ಮೊದಲನೇ ಕಾರಣ. ಅವನಿಗೆ ‘ಎಲ್‌ಎಸ್‌ಪಿಸಿಐ’ ಕೊಡಲು ಹೇಳಿದೆ. ಡ್ರೈವರ್ ಇಲ್ಲದಿದ್ದರೂ ಈ ಕಮಾಂಡ್ ಚಿಪ್ಪಿನ ಹೆಸರು ತೋರಿಸುತ್ತದೆ. ರಿಯಲ್‌ಟೆಕ್ ಆರ್‌ಟಿಎಲ್ 8852ಬಿಇ ಅಂತ ಬಂತು. ಅದರ ಡ್ರೈವರ್ ಮೂಲ ಕರ್ನಲ್‌ಗೆ ಸೇರಿದ್ದು 6.2ರಲ್ಲಿ, ಅಂದರೆ 2023ರ ಫೆಬ್ರವರಿಯಲ್ಲಿ. ಅವನ ಪೆನ್‌ಡ್ರೈವ್‌ನಲ್ಲಿದ್ದ 5.15 ಬಂದದ್ದು 2021ರಲ್ಲಿ. ಚಿಪ್ಪಿನ ತಪ್ಪಲ್ಲ, ಉಬುಂಟುವಿನ ತಪ್ಪೂ ಅಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡೇ ಇರಲಿಲ್ಲ.

ಸೌಲಭ್ಯಕ್ಕಾಗಿ ಬದಲಿಸುವವರೂ ಇದ್ದಾರೆ. ವೈರ್‌ಗಾರ್ಡ್ ವಿಪಿಎನ್ ಕರ್ನಲ್ ಒಳಗೇ ಬಂದದ್ದು 5.6ರಲ್ಲಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್‌ಗಳಿಗೆ ಓದು, ಬರಹ ಎರಡಕ್ಕೂ ಒಳ್ಳೆಯ ಡ್ರೈವರ್ ಸೇರಿದ್ದು 5.15ರಲ್ಲಿ. ಇಂಟೆಲ್ ಆರ್ಕ್ ಗ್ರಾಫಿಕ್ಸ್ ಕಾರ್ಡ್ ತಂದವರು 6.2ಕ್ಕಿಂತ ಹಿಂದೆ ಉಳಿದರೆ ಸುಮ್ನೆ ಪರದಾಟ.

‘ಸ್ಪೀಡ್ ಜಾಸ್ತಿ ಆಗುತ್ತೆ’ ಅನ್ನುವುದನ್ನು ನಾನು ಕಾರಣ ಅಂತ ಒಪ್ಪುವುದಿಲ್ಲ. ಸರಿಯಾಗಿ ನಡೆಯುತ್ತಿರುವ ಐದು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಮತ್ತು ಲಿಬ್ರೆ ಆಫೀಸ್ ನಡೆಸುವವರಿಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಆ ದುಡ್ಡಿಗೆ ಒಂದು ಎಸ್‌ಎಸ್‌ಡಿ ಹಾಕಿಸಿ. ಕರ್ನಲ್‌ಗೆ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ನಿಮ್ಮ ಭಾನುವಾರಕ್ಕೂ ಒಂದು ಬೆಲೆ ಇದೆ, ಅಲ್ವಾ?

ಹಾರ್ಡ್‌ವೇರ್ ಕಾರಣಕ್ಕೆ ಬದಲಿಸುವವರಿಗೆ ಒಂದು ಕಿವಿಮಾತು. ಇನ್‌ಸ್ಟಾಲ್ ಮಾಡುವ ಮೊದಲು ಹೊಸ ಉಬುಂಟು ಅಥವಾ ಫೆಡೋರಾದ ಲೈವ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿ. ವೈಫೈ, ಸೌಂಡ್, ಸ್ಕ್ರೀನ್ ಬ್ರೈಟ್‌ನೆಸ್, ಲಿಡ್ ಮುಚ್ಚಿ ತೆರೆಯುವುದು ಎಲ್ಲ ನೋಡಿ. ಅಲ್ಲೂ ಕೆಲಸ ಮಾಡದಿದ್ದರೆ ಕರ್ನಲ್ ಬದಲಿಸಿ ಪ್ರಯೋಜನ ಇಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ, ಡಿಸ್ಕ್ ಮೇಲೆ ಒಂದು ಗೆರೆಯೂ ಬದಲಾಗುವುದಿಲ್ಲ.

ದಾರಿಗಳು: ಯಾವುದು ಯಾರಿಗೆ

ಇದ್ದಲ್ಲೇ ಇರುವುದು. ಇದೂ ಒಂದು ಆಯ್ಕೆ. ಸೋಮಾರಿತನ ಅಂತ ಯಾರೂ ಬೈಯಬೇಕಿಲ್ಲ. ಉಬುಂಟು ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್ ಇರುವ ಆವೃತ್ತಿ) ಬಿಡುಗಡೆಯಾದಾಗ ಯಾವ ಕರ್ನಲ್ ಇರುತ್ತದೋ ಅದನ್ನು ಜಿಎ ಕರ್ನಲ್ ಅನ್ನುತ್ತಾರೆ. 22.04ಕ್ಕೆ ಅದು 5.15, 24.04ಕ್ಕೆ 6.8. ಐದು ವರ್ಷ ಅದೇ ಸರಣಿ, ಅದಕ್ಕೇ ಪ್ಯಾಚ್. ಸರ್ವರ್ ಇನ್‌ಸ್ಟಾಲ್ ಮಾಡಿದರೆ ಸುಮ್ಮನೆ ಬಿಟ್ಟರೂ ಇದೇ ಬರುತ್ತದೆ. ಎಲ್ಲ ಹಾರ್ಡ್‌ವೇರ್ ಕೆಲಸ ಮಾಡುತ್ತಿದ್ದು, ಮಷಿನ್ ನಿಂತರೆ ವ್ಯಾಪಾರ ನಿಲ್ಲುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎಚ್‌ಡಬ್ಲ್ಯೂಇ. ಹಳೇ ಎಲ್‌ಟಿಎಸ್ ಮೇಲೆ ಹೊಸ ಹಾರ್ಡ್‌ವೇರ್‌ಗಾಗಿ ಉಬುಂಟು ಕೊಡುವ ಹೊಸ ಕರ್ನಲ್ ಇದು. ಇದರ ನಡಿಗೆಯನ್ನು ಗಮನಿಸಿ, ಏಕೆಂದರೆ ಇದನ್ನು ಆರಿಸುವವರು ಹೆಚ್ಚಾಗಿ ಗಮನಿಸದೇ ಇರುವುದು ಇದನ್ನೇ. 22.04ರಲ್ಲಿ ಎಚ್‌ಡಬ್ಲ್ಯೂಇ ಹಿಡಿದವರು 5.15ರಿಂದ 5.19ಕ್ಕೆ, ಅಲ್ಲಿಂದ 6.2ಕ್ಕೆ, ಆಮೇಲೆ 6.5ಕ್ಕೆ, ಕೊನೆಗೆ 6.8ಕ್ಕೆ ಹೋದರು. ಒಂದು ಸಲ ಹತ್ತಿದರೆ ಸುಮಾರು ಆರು ತಿಂಗಳಿಗೊಮ್ಮೆ ಮುಂದಿನ ಸ್ಟಾಪ್. ನಡುವಿನ ಸ್ಟಾಪ್‌ನಲ್ಲಿ ಇಳಿದು ಕೂರುವ ಹಾಗಿಲ್ಲ, ಅಲ್ಲಿಗೆ ಪ್ಯಾಚ್ ನಿಂತುಹೋಗುತ್ತದೆ. 6.8 ತಲುಪಿದ ಮೇಲೆ ಮಾತ್ರ ಗಾಡಿ ನಿಲ್ಲುತ್ತದೆ, ಏಕೆಂದರೆ ಅದು ಮುಂದಿನ ಎಲ್‌ಟಿಎಸ್‌ನ ಜಿಎ. 24.04ರಲ್ಲೂ ಅದೇ ಕಥೆ. 2025ರ ಫೆಬ್ರವರಿಯ 24.04.2ರಲ್ಲಿ 6.11, ಆಗಸ್ಟ್‌ನ 24.04.3ರಲ್ಲಿ 6.14.

ಉಬುಂಟು ಡೆಸ್ಕ್‌ಟಾಪ್ ಹಾಕಿಕೊಂಡವರು ಗೊತ್ತಿಲ್ಲದೆಯೇ ಈ ಗಾಡಿಯಲ್ಲಿರುತ್ತಾರೆ. ಲಿನಕ್ಸ್ ಮಿಂಟ್‌ನವರಿಗೆ ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಕರ್ನಲ್‌ಗಳ ಪಟ್ಟಿಯೇ ಇದೆ. ಯಾವ ಸರಣಿಗೆ ಎಲ್ಲಿವರೆಗೆ ಪ್ಯಾಚ್ ಅಂತಲೂ ಅಲ್ಲೇ ಕಾಣುತ್ತದೆ. ಈ ವಿಷಯದಲ್ಲಿ ಮಿಂಟ್ ಉಬುಂಟುಗಿಂತ ಚೆನ್ನಾಗಿ ಮಾಡಿದೆ ಅಂತ ನನ್ನ ಅಭಿಪ್ರಾಯ.

ಹೊಸ ಲ್ಯಾಪ್‌ಟಾಪ್‌ಗೆ ಎಚ್‌ಡಬ್ಲ್ಯೂಇ ಕಣ್ಣು ಮುಚ್ಚಿ ಆರಿಸಬಹುದು. ಹೊರಗಿನಿಂದ ತಂದ ಡ್ರೈವರ್ ಇರುವ ಮಷಿನ್‌ಗೆ ಎರಡು ಸಲ ಯೋಚಿಸಿ. ಪ್ರತಿ ಸ್ಟಾಪ್‌ನಲ್ಲೂ ಆ ಡ್ರೈವರ್ ಹೊಸ ಕರ್ನಲ್‌ಗೆ ಹೊಂದಿಕೊಳ್ಳಬೇಕು.

ಡೆಬಿಯನ್ ಬ್ಯಾಕ್‌ಪೋರ್ಟ್ಸ್. ಡೆಬಿಯನ್ 12ರಲ್ಲಿ 6.1 ಇದೆ, 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ 6.12. ಎರಡೂ ಮೂಲದವರ ದೀರ್ಘಾವಧಿ ಸರಣಿಗಳೇ. ಅದಕ್ಕಿಂತ ಹೊಸದು ಬೇಕಾದರೆ ಬ್ಯಾಕ್‌ಪೋರ್ಟ್ಸ್ (ಹಳೇ ಆವೃತ್ತಿಗೆ ಹೊಸ ಪ್ಯಾಕೇಜ್ ಕೊಡುವ ಡೆಬಿಯನ್ನಿನ ಭಂಡಾರ) ಸೇರಿಸಿಕೊಂಡು ಕರ್ನಲ್ ಒಂದನ್ನೇ ಅಲ್ಲಿಂದ ತರಬಹುದು. ಜತೆಗೆ ಫರ್ಮ್‌ವೇರ್ (ಚಿಪ್ಪಿನ ಒಳಗೆ ಓಡುವ ಸಾಫ್ಟ್‌ವೇರ್) ಪ್ಯಾಕೇಜನ್ನೂ ಅಲ್ಲಿಂದಲೇ ತನ್ನಿ. ಹೊಸ ಡ್ರೈವರ್‌ಗೆ ಹಳೇ ಫರ್ಮ್‌ವೇರ್ ಸಿಕ್ಕರೆ ವೈಫೈ ಕಾಣಿಸಿಯೂ ಕನೆಕ್ಟ್ ಆಗದೇ ಉಳಿಯಬಹುದು.

ಇಡೀ ಡಿಸ್ಟ್ರೋ ಅಪ್‌ಗ್ರೇಡ್. 22.04ರಿಂದ 24.04ಕ್ಕೆ ಹೋದರೆ ಕರ್ನಲ್ ತಾನಾಗಿ ಬರುತ್ತದೆ. ಜತೆಗೆ ಪೈಥಾನ್, ಪಿಎಚ್‌ಪಿ, ಡೇಟಾಬೇಸ್ ಎಲ್ಲವೂ ಬದಲಾಗುತ್ತವೆ. ಬರೀ ವೈಫೈಗಾಗಿ ಇದನ್ನು ಮಾಡಬೇಡಿ. ಸಪೋರ್ಟ್ ಮುಗಿಯುವ ಹೊತ್ತಿಗೆ ಹೇಗೂ ಮಾಡಲೇಬೇಕಾದ ಕೆಲಸ.

ಮೇನ್‌ಲೈನ್ ಬಿಲ್ಡ್. ಯೂಟ್ಯೂಬ್‌ನಲ್ಲಿ ‘ಉಬುಂಟುವಿಗೆ ಲೇಟೆಸ್ಟ್ ಕರ್ನಲ್’ ಅಂತ ಹುಡುಕಿದರೆ ಹೆಚ್ಚಾಗಿ ಸಿಗುವುದು ಇದೇ. ಮೂಲ ಕರ್ನಲ್ಲನ್ನು ಉಬುಂಟುವಿನ ಕರ್ನಲ್ ತಂಡ ಹಾಗೇ ಪ್ಯಾಕೇಜ್ ಮಾಡಿ ಇಡುತ್ತದೆ. ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವುದು ಸುಲಭ. ಅದಕ್ಕೇ ನನಗೆ ಭಯ. ಈ ಬಿಲ್ಡ್‌ಗಳು ಇರುವುದು ‘ಈ ಬಗ್ ಮೂಲದಲ್ಲಿ ಸರಿಯಾಗಿದೆಯಾ’ ಅಂತ ಪರೀಕ್ಷಿಸಲು. ನೀವು ಹಾಕಿಕೊಂಡ ಪ್ಯಾಕೇಜ್‌ಗೆ ಆಮೇಲೆ ಪ್ಯಾಚ್ ತಾನಾಗಿ ಬರುವುದಿಲ್ಲ. ಉಬುಂಟುವಿನ ಸಹಿ ಇಲ್ಲದಿರುವುದರಿಂದ ಸೆಕ್ಯೂರ್ ಬೂಟ್ (ನಂಬುವ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ಕಾವಲು) ಆನ್ ಇದ್ದರೆ ‘ಬ್ಯಾಡ್ ಶಿಮ್ ಸಿಗ್ನೇಚರ್’ ಅಂತ ಹೇಳಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಆಗ ವಿಡಿಯೋದವರು ಹೇಳುವ ಪರಿಹಾರ, ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅಂತ. ಒಂದು ಬಾಗಿಲು ತೆರೆಯಲು ಗೇಟನ್ನೇ ಕಿತ್ತ ಹಾಗಾಯಿತು. ಹೆಡರ್ ಪ್ಯಾಕೇಜ್‌ಗಳು (ಹೊರಗಿನ ಡ್ರೈವರ್ ಕಂಪೈಲ್ ಮಾಡಲು ಬೇಕಾದ ಕರ್ನಲ್ ಫೈಲ್‌ಗಳು) ಕೆಲವೊಮ್ಮೆ ನಿಮ್ಮ ಡಿಸ್ಟ್ರೋದಲ್ಲಿ ಇಲ್ಲದ ಹೊಸ ಲೈಬ್ರರಿ ಕೇಳುತ್ತವೆ. ಹೆಡರ್ ಇಲ್ಲದೆ ಎನ್‌ವಿಡಿಯಾ ಡ್ರೈವರ್ ಕಂಪೈಲ್ ಆಗುವುದಿಲ್ಲ.

ಒಂದು ದಿನ ಹಾಕಿ ಪರೀಕ್ಷಿಸಿ ತೆಗೆಯಲು ಮೇನ್‌ಲೈನ್ ಒಳ್ಳೆಯದು. ಸಂಸಾರ ಮಾಡಲು ಅಲ್ಲ.

ನೀವೇ ಕಂಪೈಲ್ ಮಾಡುವುದು. ಕಲಿಯಲು ಮಾಡಿ, ಖಂಡಿತ ಮಾಡಿ. ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸಿದರೆ ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು (ಡ್ರೈವರ್‌ನಂಥ ಕರ್ನಲ್ ತುಣುಕುಗಳನ್ನು) ಮಾತ್ರ ಕಟ್ಟುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಬೇಗ ಮುಗಿಯುತ್ತದೆ. ಆದರೆ ಆ ಹೊತ್ತಿಗೆ ಪೆನ್‌ಡ್ರೈವ್ ಹಾಕಿರಲಿಲ್ಲ ಅಂದರೆ ಹೊಸ ಕರ್ನಲ್‌ಗೆ ಪೆನ್‌ಡ್ರೈವ್ ಅಂದರೇನು ಅಂತಲೇ ಗೊತ್ತಿಲ್ಲದೆ ಹೋಗಬಹುದು. ಪ್ರತಿ ಪ್ಯಾಚ್‌ಗೂ ಮತ್ತೆ ನೀವೇ ಕೂರಬೇಕು. ಮೊದಲ ತಿಂಗಳು ಉತ್ಸಾಹ ಇರುತ್ತದೆ, ಮೂರನೇ ತಿಂಗಳು ಮರೆತುಹೋಗುತ್ತದೆ.

ಫೆಡೋರಾ, ಆರ್ಚ್. ಇಲ್ಲಿ ಆಯ್ಕೆಯ ಪ್ರಶ್ನೆಯೇ ಕಡಿಮೆ, ಹೊಸ ಸರಣಿ ತಾನಾಗಿ ಬರುತ್ತಿರುತ್ತದೆ. ಫೆಡೋರಾ ಸಾಮಾನ್ಯವಾಗಿ ಮೂರು ಕರ್ನಲ್ ಉಳಿಸಿಕೊಳ್ಳುತ್ತದೆ, ಹಿಂದೆ ಹೋಗಲು ದಾರಿ ಇದೆ. ಆರ್ಚ್ ಹಾಗಲ್ಲ. ಅಪ್‌ಡೇಟ್ ಆದ ತಕ್ಷಣ ಈಗ ಓಡುತ್ತಿರುವ ಕರ್ನಲ್‌ನ ಮಾಡ್ಯೂಲ್‌ಗಳೇ ಡಿಸ್ಕ್‌ನಿಂದ ಹೋಗುತ್ತವೆ. ರೀಬೂಟ್ ಮಾಡುವವರೆಗೆ ಹೊಸದಾಗಿ ಪೆನ್‌ಡ್ರೈವ್ ಚುಚ್ಚಿದರೆ ಮೌನ. ಆರ್ಚ್ ಬಳಸುವವರು ಎಲ್‌ಟಿಎಸ್ ಕರ್ನಲ್ ಪ್ಯಾಕೇಜನ್ನೂ ಪಕ್ಕದಲ್ಲಿ ಹಾಕಿಟ್ಟುಕೊಳ್ಳಿ.

ಲೈವ್‌ಪ್ಯಾಚ್. ಓಡುತ್ತಿರುವ ಕರ್ನಲ್‌ಗೇ ರೀಬೂಟ್ ಇಲ್ಲದೆ ತೇಪೆ ಹಾಕುವುದು. ಇದಕ್ಕೆ ಬೇಕಾದ ವ್ಯವಸ್ಥೆ ಮೂಲ ಕರ್ನಲ್‌ಗೆ ಸೇರಿದ್ದು 2015ರ 4.0ರಲ್ಲಿ. ಉಬುಂಟು ಪ್ರೋ ವೈಯಕ್ತಿಕ ಬಳಕೆಗೆ ಐದು ಮಷಿನ್‌ವರೆಗೆ ಉಚಿತ, ಲೈವ್‌ಪ್ಯಾಚ್ ಅದರಲ್ಲಿದೆ. ಇದು ಗಂಭೀರ ತೂತುಗಳನ್ನು ಮಾತ್ರ ಮುಚ್ಚುತ್ತದೆ, ಸರಣಿ ಬದಲಿಸುವುದಿಲ್ಲ, ರೀಬೂಟನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ. ‘ನಮ್ಮ ಸರ್ವರ್ 400 ದಿನದಿಂದ ರೀಬೂಟೇ ಆಗಿಲ್ಲ’ ಅಂತ ಎದೆ ತಟ್ಟಿಕೊಳ್ಳುವವರನ್ನು ನೋಡಿದ್ದೇನೆ. ಅಂಥ ಒಂದು ಮಷಿನ್‌ನಲ್ಲಿ ಹೊಸ ಕರ್ನಲ್‌ಗಳು ಸಾಲಾಗಿ ಇನ್‌ಸ್ಟಾಲ್ ಆಗಿ ಕೂತಿದ್ದವು. ಓಡುತ್ತಿದ್ದದ್ದು ಮಾತ್ರ 400 ದಿನ ಹಿಂದಿನದು.

ರಾಸ್‌ಬೆರಿ ಪೈ ಇರುವವರಿಗೆ ಒಂದೇ ಮಾತು. ‘ಆರ್‌ಪಿಐ-ಅಪ್‌ಡೇಟ್’ ಕಮಾಂಡ್ ಕೊಡುವುದು ಇನ್ನೂ ಪರೀಕ್ಷೆಯಲ್ಲಿರುವ ಕರ್ನಲ್ಲನ್ನು. ಮಾಮೂಲಿ ಅಪ್‌ಗ್ರೇಡ್ ಸಾಕು.

ಹೊಸದು ಅಂದರೆ ಭದ್ರ ಅಂತ ಅಲ್ಲ, ಹಳೇದೂ ಅಲ್ಲ

2022ರ ಮಾರ್ಚ್‌ನಲ್ಲಿ ಡರ್ಟಿ ಪೈಪ್ ಅನ್ನುವ ತೂತು ಹೊರಬಂತು. ಮಾಮೂಲಿ ಬಳಕೆದಾರ ಕೂಡ ಓದಲು ಮಾತ್ರ ಬಿಟ್ಟಿರುವ ಫೈಲ್‌ಗಳ ಮೇಲೆ ಬರೆದು ರೂಟ್ (ಮಷಿನ್‌ನ ಪೂರ್ಣ ಅಧಿಕಾರ ಇರುವವ) ಆಗಬಹುದಿತ್ತು. ಅದು ಇದ್ದದ್ದು 5.8 ಮತ್ತು ಅದರ ನಂತರದ ಕರ್ನಲ್‌ಗಳಲ್ಲಿ. ಆಗ ಉಬುಂಟು 20.04ರಲ್ಲಿ ಜಿಎ 5.4 ಹಿಡಿದು ಕೂತವರಿಗೆ ಏನೂ ಆಗಲಿಲ್ಲ. ಎಚ್‌ಡಬ್ಲ್ಯೂಇ 5.13ರಲ್ಲಿದ್ದವರು ಪ್ಯಾಚ್‌ಗೆ ಓಡಬೇಕಾಯಿತು.

ಹಾಗಂತ ಹಳೇದನ್ನು ತಬ್ಬಿಕೊಳ್ಳಬೇಡಿ. 2016ರಲ್ಲಿ ಹೊರಬಂದ ಡರ್ಟಿ ಕೌ 2007ರ 2.6.22ರಿಂದಲೇ ಒಳಗಿತ್ತು. ಒಂಬತ್ತು ವರ್ಷ ಯಾರೂ ಸರಿ ಮಾಡಿರಲಿಲ್ಲ. ಸರಣಿ ಯಾವುದೇ ಇರಲಿ, ಅದಕ್ಕೆ ಪ್ಯಾಚ್ ಬರುತ್ತಿರಬೇಕು.

ಪ್ಯಾಚ್‌ಗಳೂ ಒಮ್ಮೊಮ್ಮೆ ಕಚ್ಚುತ್ತವೆ. 2022ರಲ್ಲಿ 5.19.12 ಹಾಕಿದ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳ ಸ್ಕ್ರೀನ್ ಬಿಳಿಯಾಗಿ ಮಿನುಗತೊಡಗಿತು. ಡಿಸ್‌ಪ್ಲೇಗೆ ಕರೆಂಟ್ ಕೊಡುವ ಸಮಯದ ಲೆಕ್ಕ ತಪ್ಪಿತ್ತು. ಪ್ಯಾನೆಲ್ಲೇ ಹಾಳಾಗಬಹುದು ಅಂತ ಇಂಟೆಲ್‌ನ ಇಂಜಿನಿಯರ್ ಎಚ್ಚರಿಸಿದರು, ಬೇಗನೇ 5.19.13 ಬಂತು. ಇನ್ನು 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಬಿಡುಗಡೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ಅದರಲ್ಲಿದ್ದ 6.1.64 ಕರ್ನಲ್ ಎಕ್ಸ್‌ಟಿ4 (ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಂ) ಡಿಸ್ಕ್‌ಗಳಲ್ಲಿ ಡೇಟಾ ಕೆಡಿಸುವ ಬಗ್ ಹೊತ್ತಿತ್ತು. ಮರುದಿನವೇ 12.4 ಬಂತು. ಅಷ್ಟು ನಿಧಾನ, ಅಷ್ಟು ಜಾಗ್ರತೆಯ ಡೆಬಿಯನ್‌ನಲ್ಲೇ ಹೀಗಾಯಿತು ಅನ್ನುವುದನ್ನು ನೆನಪಿಡಿ.

ಅದಕ್ಕೇ ಲೆಕ್ಕಪತ್ರ ಇರುವ ಮಷಿನ್‌ಗಳಲ್ಲಿ ನಾನು ಪ್ಯಾಚ್ ಬಂದ ದಿನವೇ ಹಾಕುವುದಿಲ್ಲ. ಎರಡು ಮೂರು ದಿನ ಬಿಟ್ಟು ಹಾಕುತ್ತೇನೆ. ಆ ತೂತನ್ನು ಬಳಸಿ ಈಗಾಗಲೇ ದಾಳಿ ನಡೆಯುತ್ತಿದೆ ಅಂತ ಸುದ್ದಿ ಇದ್ದರೆ ಮಾತ್ರ ಅವತ್ತೇ.

ಹಾಕುವ ದಿನ

ಗೆಳೆಯನಿಗೆ ‘ಮುಟ್ಟಬೇಡ’ ಅಂದದ್ದರ ಹಿಂದೆ ಒಂದು ಕಥೆ ಇದೆ. ತಪ್ಪು ನನ್ನದೇ. ಅದೇ ವರ್ಷದ ಆರಂಭದಲ್ಲಿ, ಯಾವ ಕಾರಣವೂ ಇಲ್ಲದೆ, ಬೆಂಗಳೂರಿನಲ್ಲಿ ಕೂತು ದಾವಣಗೆರೆಯ ಆ ಸರ್ವರ್‌ಗೆ ಎಚ್‌ಡಬ್ಲ್ಯೂಇ 5.19 ಹಾಕಿದೆ. ರೀಬೂಟ್ ಕೊಟ್ಟೆ. ಕನೆಕ್ಷನ್ ಹೋಯಿತು, ವಾಪಸ್ ಬರಲೇ ಇಲ್ಲ. ಅದರ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕರ್ನಲ್ ಜತೆ ಬಂದದ್ದಲ್ಲ. ಹಿಂದೆ ನಾನೇ ಹೊರಗಿನಿಂದ ತಂದು ಕಂಪೈಲ್ ಮಾಡಿದ್ದೆ, ಡಿಕೆಎಂಎಸ್‌ಗೆ ಸೇರಿಸಿರಲಿಲ್ಲ. ಡಿಕೆಎಂಎಸ್‌ನಲ್ಲಿದ್ದರೆ ಹೊಸ ಕರ್ನಲ್ ಬಂದಾಗ ಡ್ರೈವರ್ ತಾನಾಗಿ ಮತ್ತೆ ಕಂಪೈಲ್ ಆಗುತ್ತದೆ. ನನ್ನದು 5.15ಕ್ಕೆ ಅಂಟಿಕೊಂಡೇ ಉಳಿದಿತ್ತು.

ಅಂಗಡಿಯ ಹುಡುಗನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಫೋನನ್ನು ಮಾನಿಟರ್ ಮುಂದೆ ಹಿಡಿದುಕೊಂಡ.

"ಆನ್ ಮಾಡಿದ ತಕ್ಷಣ ಎಸ್ಕೇಪ್ ಒತ್ತು. ಒಂದೇ ಸಲ."

"ಒತ್ತಿದೆ ಅಣ್ಣಾ. ಏನೋ ನೇರಳೆ ಬಣ್ಣದ್ದು ಬಂತು."

"ಅಡ್ವಾನ್ಸ್‌ಡ್ ಅಂತ ಇರೋ ಸಾಲಿಗೆ ಬಾ. ಎಂಟರ್. ಈಗ 5.15 ಅಂತ ಎಲ್ಲಿದೆ?"

"ಎರಡು ಐತೆ ಅಣ್ಣಾ. ಒಂದರ ಮುಂದೆ ರಿಕವರಿ ಅಂತ ಐತೆ."

"ರಿಕವರಿ ಬೇಡ. ಇನ್ನೊಂದು."

ಎರಡು ನಿಮಿಷದಲ್ಲಿ ನನ್ನ ಟರ್ಮಿನಲ್‌ಗೆ ಸರ್ವರ್ ವಾಪಸ್ ಬಂತು. ಹಳೇ ಕರ್ನಲ್ ಅಲ್ಲೇ ಇದ್ದದ್ದರಿಂದ ಬಚಾವ್. ಹಳೇ ಬಯಾಸ್ ಮಷಿನ್‌ಗಳಲ್ಲಿ ಎಸ್ಕೇಪ್ ಬದಲು ಶಿಫ್ಟ್ ಹಿಡಿದುಕೊಳ್ಳಬೇಕು.

ಈಗ ನಾನು ಹಾಕುವ ಮೊದಲು ನೋಡುವುದು ಇವು. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ಹೊರಗಿನ ಡ್ರೈವರ್ ಯಾವುದಿದೆ ಅಂತ ನೋಡುತ್ತೇನೆ. ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್ ಹೆಚ್ಚಾಗಿ ಇಲ್ಲೇ ಸಿಗುತ್ತವೆ, ಹೊಸ ಸರಣಿಯಲ್ಲಿ ಮೊದಲು ಎಡವುವುದೂ ಇವೇ. ಬೂಟ್ ಪಾರ್ಟಿಷನ್ ಬೇರೆ ಇದ್ದರೆ ಜಾಗ ನೋಡುತ್ತೇನೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಹಾಕಿದ ಹಳೇ ಇನ್‌ಸ್ಟಾಲ್‌ಗಳಲ್ಲಿ ಇದು ಚಿಕ್ಕದಾಗಿರುತ್ತದೆ, ಎರಡು ಮೂರು ಕರ್ನಲ್‌ಗೇ ತುಂಬಿ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಬ್ಯಾಕಪ್ ಬಗ್ಗೆ ಹೇಳಬೇಕಿಲ್ಲ. ಆಮೇಲೆ ಕರೆಂಟ್. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಕರ್ನಲ್‌ಗೆ ಮೊದಲು ಬೇಕಾಗುವ ಫೈಲ್‌ಗಳ ಗಂಟು) ಕಟ್ಟುವ ಹೊತ್ತಿಗೆ ಕರೆಂಟ್ ಹೋದರೆ ಅರ್ಧ ಬೆಂದ ಕರ್ನಲ್ ಸಿಗುತ್ತದೆ. ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದೆ, ಈ ಕೆಲಸ ಶುರು ಮಾಡಬೇಡಿ.

ದೂರದ ಮಷಿನ್ ಆದರೆ ಇನ್ನೊಂದು ಉಪಾಯ ಇದೆ. ಗ್ರಬ್ (ಯಾವ ಕರ್ನಲ್ ಬೂಟ್ ಆಗಬೇಕು ಅಂತ ಆರಿಸುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ಡಿಫಾಲ್ಟನ್ನು ‘ಸೇವ್ಡ್’ ಅಂತ ಮಾಡಿ ಗ್ರಬ್ ಅಪ್‌ಡೇಟ್ ಮಾಡಿ. ‘ಗ್ರಬ್-ಸೆಟ್-ಡಿಫಾಲ್ಟ್’ ಕೊಟ್ಟು ಹಳೇ ಕರ್ನಲ್ಲನ್ನೇ ಖಾಯಂ ಮಾಡಿ. ಆಮೇಲೆ ‘ಗ್ರಬ್-ರೀಬೂಟ್’ ಕೊಟ್ಟು ಹೊಸದನ್ನು ಮುಂದಿನ ಒಂದೇ ಒಂದು ಬೂಟ್‌ಗೆ ಆರಿಸಿ. ಹೊಸದು ಸರಿ ಬಂದರೆ ಅದನ್ನು ಖಾಯಂ ಮಾಡಿದರಾಯಿತು. ಬರದಿದ್ದರೆ ಅಲ್ಲಿರುವ ಯಾರಿಗಾದರೂ "ಸ್ವಿಚ್ ಆಫ್ ಮಾಡಿ ಆನ್ ಮಾಡಪ್ಪಾ" ಅಂದರೆ ಸಾಕು, ಹಳೇದೇ ಬರುತ್ತದೆ. ಮೆನು, ಆ್ಯರೋ ಕೀ, ವಿಡಿಯೋ ಕಾಲ್ ಏನೂ ಬೇಡ. ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಮುಂದೆ ಹೋಗಲಾಗದೆ ನಿಂತರೆ, ಹತ್ತು ಸೆಕೆಂಡಿನಲ್ಲಿ ತಾನೇ ರೀಬೂಟ್ ಆಗಲಿ ಅಂತ ‘ಪ್ಯಾನಿಕ್=10’ ಸೇರಿಸಿಟ್ಟರೆ ಆ ಕೇಸಿನಲ್ಲಿ ಸ್ವಿಚ್ಚೂ ಬೇಡ. ಒಂದು ಎಚ್ಚರಿಕೆ: ಬೂಟ್ ಫೋಲ್ಡರ್ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ (ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಬಳಸುವ ವಿಧಾನಗಳು) ಮೇಲಿದ್ದರೆ ಗ್ರಬ್‌ಗೆ ‘ಒಂದು ಸಲ ಆಯಿತು’ ಅಂತ ಬರೆದುಕೊಳ್ಳಲು ಆಗುವುದಿಲ್ಲ. ಮತ್ತೆ ಮತ್ತೆ ಹೊಸದಕ್ಕೇ ಹೋಗುತ್ತದೆ. ಮೊದಲು ಎದುರಿಗಿರುವ ಮಷಿನ್‌ನಲ್ಲಿ ಅಭ್ಯಾಸ ಮಾಡಿ.

ಬೂಟ್ ಆದ ಮೇಲೆ ‘ಯುನೇಮ್ -ಆರ್’ ಮತ್ತೆ ನೋಡಿ. ಲ್ಯಾಪ್‌ಟಾಪ್ ಆದರೆ ಲಿಡ್ ಮುಚ್ಚಿ ತೆರೆಯಿರಿ, ಬ್ಲೂಟೂತ್ ಹಚ್ಚಿ, ಪ್ರೊಜೆಕ್ಟರ್ ಚುಚ್ಚಿ. ಸ್ಲೀಪ್‌ನಿಂದ ಏಳದೇ ಇರುವುದು ಮೊದಲ ದಿನ ಗೊತ್ತಾಗುವುದಿಲ್ಲ, ಮೀಟಿಂಗ್ ದಿನ ಗೊತ್ತಾಗುತ್ತದೆ. ಎರಡು ವಾರ ಹಳೇ ಕರ್ನಲ್ಲನ್ನು ತೆಗೆಯಬೇಡಿ.

ಇಷ್ಟವಾಗದೆ ಎಚ್‌ಡಬ್ಲ್ಯೂಇ ಬಿಟ್ಟು ಬರುವುದಾದರೆ ಬರೀ ಆ ಕರ್ನಲ್ ಪ್ಯಾಕೇಜ್ ತೆಗೆದರೆ ಸಾಲದು. ಮೊದಲು ಮಾಮೂಲಿ ‘ಲಿನಕ್ಸ್-ಜೆನೆರಿಕ್’ ಹಾಕಿಕೊಂಡು, ಆಮೇಲೆ ಎಚ್‌ಡಬ್ಲ್ಯೂಇ ಹೆಸರಿನ ಮೆಟಾ ಪ್ಯಾಕೇಜ್ (ಪ್ರತಿ ಸಲ ಹೊಸ ಕರ್ನಲ್ಲನ್ನು ಎಳೆದು ತರುವ ಪ್ಯಾಕೇಜ್) ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಅದು ಮತ್ತೆ ಬಂದು ಕೂರುತ್ತದೆ. ಕೆಲವರು ‘ಹೋಲ್ಡ್’ ಹಾಕಿ, ಅಂದರೆ ಆ ಪ್ಯಾಕೇಜ್ ಅಪ್‌ಡೇಟ್ ಆಗದ ಹಾಗೆ ಕಟ್ಟಿಹಾಕಿ, ತಡೆಯುತ್ತಾರೆ. ಹಾಕಿದ್ದು ಮರೆತರೆ ಪ್ಯಾಚ್‌ಗಳೂ ನಿಂತುಹೋಗುತ್ತವೆ, ಮರೆಯದವರನ್ನು ನಾನು ಕಂಡಿಲ್ಲ.

ಆ ಎರಡು ಮಷಿನ್‌ಗಳು

ಅಕ್ಕನ ಮಗನಿಗೆ ಒಂದು ಫಜೀತಿ ಇತ್ತು. ವೈಫೈ ಬರಲು ಹೊಸ ಕರ್ನಲ್ ಬೇಕು, ಹೊಸ ಕರ್ನಲ್ ಇಳಿಸಲು ವೈಫೈ ಬೇಕು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು ಅಂದೆ. ಲ್ಯಾಪ್‌ಟಾಪ್ ಅದನ್ನು ವೈರ್ ಕನೆಕ್ಷನ್ ಅಂತಲೇ ತಿಳಿದುಕೊಳ್ಳುತ್ತದೆ. ಅಪ್‌ಡೇಟ್ ಕೊಟ್ಟ, ಡೆಸ್ಕ್‌ಟಾಪ್ ಆಗಿದ್ದರಿಂದ ಎಚ್‌ಡಬ್ಲ್ಯೂಇ 6.2 ತಾನಾಗಿ ಬಂತು, ಫರ್ಮ್‌ವೇರ್ ಕೂಡ. ರೀಬೂಟ್ ಆದ ಮೇಲೆ ಪಕ್ಕದ ಮನೆಯವರ ವೈಫೈ ಹೆಸರುಗಳ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿದ.

ದಾವಣಗೆರೆಯ ಸರ್ವರ್ ಇವತ್ತಿಗೂ 5.15ರಲ್ಲೇ ಇದೆ. ತಿಂಗಳಿಗೊಂದು ಭಾನುವಾರ ಅಂಗಡಿ ಮುಚ್ಚಿದ ಮೇಲೆ ಪ್ಯಾಚ್, ರೀಬೂಟ್. 22.04ರ ಮಾಮೂಲಿ ಸಪೋರ್ಟ್ 2027ರಲ್ಲಿ ಮುಗಿಯುತ್ತದೆ, ಅಷ್ಟರೊಳಗೆ 24.04ಕ್ಕೆ ಹೋಗುತ್ತೇವೆ. ಆ ಹಳೇ ನೆಟ್‌ವರ್ಕ್ ಕಾರ್ಡನ್ನು ಮಾತ್ರ ಕಿತ್ತು, ಕರ್ನಲ್‌ನಲ್ಲೇ ಡ್ರೈವರ್ ಇರುವ ಒಂದು ಇಂಟೆಲ್ ಕಾರ್ಡ್ ಹಾಕಿಸಿದೆ. ಅಂಗಡಿಯ ಹುಡುಗ ಮಾನಿಟರ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿದ್ದಾನೆ: ‘ಎಸ್ಕೇಪ್ ಒಂದೇ ಸಲ. ರಿಕವರಿ ಬೇಡ.’